ಗೊಬ್ಬರ ಆಗಿದೆ

ಕಳೆದ ಭಾನುವಾರ ಬೆಳಿಗ್ಗೆ ತಾರಸಿಯ ಮೇಲೆ ನನ್ನ ಮೊಮ್ಮಗ ಗೊಬ್ಬರದ ಡ್ರಮ್ಮಿನ ಮುಚ್ಚಳ ತೆಗೆದ. ತರಕಾರಿ ಸಿಪ್ಪೆ, ಒಣಗಿದ ಎಲೆ, ಮೇಲೊಂದಿಷ್ಟು ಹುಳಿ ಮಜ್ಜಿಗೆ, ಇವೆಲ್ಲ ಮುಚ್ಚಿಟ್ಟಲ್ಲೇ ತಿಂಗಳುಗಟ್ಟಲೆ ಮಾಗಿದ ಮೇಲೆ ಒಂದು ವಾಸನೆ ಬರುತ್ತದೆ. ಕೊಳೆತ ನಾತವಲ್ಲ ಅದು, ಮೊದಲ ಮಳೆಗೆ ನೆಲ ಬಿಡುವ ವಾಸನೆಗೆ ಹತ್ತಿರದ್ದು. ಗಿಡ ಸಾಕುವವರು ಅದಕ್ಕೆ ಮಲ್ಲಿಗೆಯಷ್ಟೇ ಮರ್ಯಾದೆ ಕೊಡುತ್ತಾರೆ. ನಾನು ಬಟ್ಟೆ ಹರವುತ್ತಿದ್ದೆ. ವಾಸನೆ ಮೂಗಿಗೆ ಬಿದ್ದದ್ದೇ ಕೈಯಲ್ಲಿದ್ದ ಪಂಚೆ ತಂತಿಯ ಮೇಲೆ ಹೋಗದೆ ಕೈಯಲ್ಲೇ ಉಳಿಯಿತು. ಏಳೆಂಟು ವರ್ಷದ ಹಿಂದಿನ ಒಂದು ಯುಗಾದಿ ನೆನಪಾಯಿತು. ಅವತ್ತೂ ಇದೇ ತಾರಸಿ, ಇದೇ ಡ್ರಮ್ಮು.

ಆಗ ಈ ಹುಡುಗ ಏಳು ತಿಂಗಳ ಕೂಸು. ಬಾಣಂತನಕ್ಕೆ ಬಂದಿದ್ದ ನನ್ನ ಮಗಳು ಶ್ರುತಿ ಇನ್ನೂ ನಮ್ಮ ಮನೆಯಲ್ಲೇ ಇದ್ದಳು. ಅವಳ ಮನೆ ಗರುಡಾಚಾರ್‌ಪಾಳ್ಯದಲ್ಲಿ, ಕೆಲಸವೂ ಆ ಕಡೆಯೇ. ರಜ ಮುಗಿದ ಮೇಲೆ ಕೂಸನ್ನು ನಮ್ಮ ಹತ್ತಿರ ಬಿಟ್ಟು ಇಲ್ಲಿಂದಲೇ ಓಡಾಡುತ್ತಿದ್ದಳು. ಅಳಿಯ ಶನಿವಾರ ಬಂದು ಸೋಮವಾರ ಹೋಗುತ್ತಿದ್ದ. ನಮ್ಮದು ಸರ್ವಜ್ಞನಗರ. ಬೋರ್ಡಿನಲ್ಲಿ ಹಾಗಿದ್ದರೂ ಬಾಯಲ್ಲಿ ಇನ್ನೂ ಕಾಕ್ಸ್ ಟೌನೇ. ಆ ವರ್ಷ ನಮ್ಮ ಬೀದಿಯಲ್ಲಿ ಹಳೇ ಹೆಂಚಿನ ಮನೆಗಳು ಒಂದಾದ ಮೇಲೊಂದು ಬೀಳುತ್ತಿದ್ದವು. ಬೆಳಗಿನಿಂದ ಸಂಜೆಯವರೆಗೆ ಸುತ್ತಿಗೆ ಸದ್ದು, ಪಾತ್ರೆ ಮೇಲೆಲ್ಲ ಧೂಳು. ಆ ಧೂಳಿನ ಮಧ್ಯೆ ನಮ್ಮ ಯಜಮಾನರು ತಾರಸಿಯಲ್ಲಿ ಗುಲಾಬಿ, ಬದನೆ, ಬಸಳೆ ಎಲ್ಲ ಬೆಳೆಸುತ್ತಿದ್ದರು.

ಇವರ ಬಗ್ಗೆ ಸ್ವಲ್ಪ ಹೇಳಲೇಬೇಕು. ಕೆ.ಆರ್. ಪುರದ ಕಡೆ ಒಂದು ಕಾರ್ಖಾನೆಯಲ್ಲಿ ಮೆಷಿನ್ನುಗಳ ಸದ್ದಿನ ಮಧ್ಯೆ ಇಡೀ ನೌಕರಿ ಮುಗಿಸಿದವರು. ಕಿವಿ ಸರಿಯಾಗಿಯೇ ಇದೆ, ಡಾಕ್ಟರು ನೋಡಿ ಹೇಳಿದ್ದಾರೆ. ಕೇಳಿಸಿಕೊಳ್ಳುವ ಅಭ್ಯಾಸ ಮಾತ್ರ ಇಲ್ಲ. ಎದುರಿನವರು ಅರ್ಧ ಹೇಳುವಷ್ಟರಲ್ಲಿ ಇವರಿಗೆ ಪೂರ್ತಿ ಅರ್ಥವಾಗಿಬಿಟ್ಟಿರುತ್ತದೆ. ಓದಿಕೊಂಡವರು, ನಿಯತ್ತಿನವರು, ಆದರೆ ತಾವು ಹಿಡಿದ ಮೊಲಕ್ಕೆ ಮೂರೇ ಕಾಲು. ನಲವತ್ತು ವರ್ಷ ಸಂಸಾರ ಮಾಡಿದವಳು ನಾನು, ಚಾಡಿ ಹೇಳುತ್ತಿಲ್ಲ, ಅನುಭವ ಹೇಳುತ್ತಿದ್ದೇನೆ.

ಆ ವರ್ಷ ಶಾಲೆಗಳಲ್ಲೆಲ್ಲ ದಡಾರದ ಚುಚ್ಚುಮದ್ದು ಹಾಕುತ್ತಿದ್ದರು. ದಡಾರಕ್ಕೂ ರುಬೆಲ್ಲಾ ಅನ್ನುವ ಇನ್ನೊಂದು ರೋಗಕ್ಕೂ ಸೇರಿಸಿ ಒಂದೇ ಸೂಜಿ. ಒಂಬತ್ತು ತಿಂಗಳ ಕೂಸಿನಿಂದ ಹಿಡಿದು ಹದಿನೈದರ ಹುಡುಗರವರೆಗೆ ಎಲ್ಲರಿಗೂ, ಮೊದಲು ಹಾಕಿಸಿದ್ದರೂ ಇನ್ನೊಂದು ಸಲ. ಈ ‘ಇನ್ನೊಂದು ಸಲ’ವೇ ಜಗಳದ ಮೂಲ. ಮೊದಲನೆಯದು ಕೆಲಸ ಮಾಡಿದ್ದರೆ ಎರಡನೆಯದು ಯಾಕೆ, ಮಾಡಿಲ್ಲ ಅಂದರೆ ಮೊದಲು ಹಾಕಿದ್ದು ಯಾಕೆ ಎಂದು ಬೇಕರಿಯ ಮುಂದೆ ನಿಂತವರೆಲ್ಲ ಕೇಳುವವರೇ. ಮೊಬೈಲುಗಳಂತೂ ಬಿಸಿಯಾಗಿ ಹೋಗಿದ್ದವು. ಒಬ್ಬರಿಗೆ ಬಂದ ಮೆಸೇಜಿನಲ್ಲಿ ಇದು ಮುಂದೆ ಮಕ್ಕಳಾಗದ ಹಾಗೆ ಮಾಡುವ ಸೂಜಿ, ಇನ್ನೊಬ್ಬರ ಮೆಸೇಜಿನಲ್ಲಿ ಮಾತೇ ಬಾರದ ಹಾಗೆ ಮಾಡುವ ಸೂಜಿ. ಶಿವಾಜಿನಗರದಲ್ಲಿ ಉರ್ದುವಿನಲ್ಲಿ, ಹಲಸೂರಿನಲ್ಲಿ ತಮಿಳಿನಲ್ಲಿ, ನಮ್ಮಲ್ಲಿ ಕನ್ನಡದಲ್ಲಿ ಬಂದಿದ್ದೇ ಮಗಳ ಆಫೀಸಿನ ತಾಯಂದಿರ ಗುಂಪಿನಲ್ಲಿ ಇಂಗ್ಲಿಷ್ ಪೌಡರು ಹಚ್ಚಿಕೊಂಡು ಬಂದಿತ್ತು. ಜಾತಿ ಮತ ಇಲ್ಲದೆ ಎಲ್ಲರನ್ನೂ ಒಂದೇ ಥರ ಹೆದರಿಸಿದ್ದು ಅದೊಂದೇ ಇರಬೇಕು.

ನಮ್ಮ ಮನೆಯಲ್ಲಿ ಇದು ರಾತ್ರಿ ಊಟದ ಹೊತ್ತಿನ ಕುಸ್ತಿಯಾಯಿತು. ಕೂಸಿಗೆ ಒಂಬತ್ತು ತಿಂಗಳು ತುಂಬಿದರೆ ದಡಾರದ ಸೂಜಿ ಹಾಕಿಸಬೇಕಿತ್ತು. ಶ್ರುತಿ, ಈಗಲೇ ಬೇಡ, ಎರಡು ವರ್ಷ ಆಗಲಿ, ನೋಡೋಣ ಅಂದಳು. ಇವರು ಪೇಪರಿನ ಕಟಿಂಗ್ ತಂದು ಅನ್ನದ ತಟ್ಟೆಯ ಪಕ್ಕ ಇಡುತ್ತಿದ್ದರು. ಅವಳು ಮೊಬೈಲು ತೋರಿಸುತ್ತಿದ್ದಳು. ನಾನು ಮಧ್ಯೆ ಬಾಯಿ ಹಾಕಿ, ನಮ್ಮ ಕಾಲದಲ್ಲಿ ಎಲ್ಲರಿಗೂ ಬರ್ತಿತ್ತು, ನನಗೂ ಬಂದಿತ್ತು, ಹೋಯಿತು, ನಾವೆಲ್ಲ ಬದುಕಿಲ್ವಾ ಅಂದೆ.

“ಬದುಕದೇ ಇದ್ದವರು ಬಂದು ಹೇಳಲ್ಲ ಕಣೇ,” ಅಂದರು ಇವರು.

ಮಾತು ಸರಿಯಾಗಿಯೇ ಇತ್ತು. ಇವರು ಹೇಳುತ್ತಿದ್ದುದರಲ್ಲಿ ಮುಕ್ಕಾಲು ಪಾಲು ಸರಿಯೇ. ಮಗಳು ಮಾತ್ರ ತಟ್ಟೆ ಸರಿಸಿ ಎದ್ದಳು. ಅವಳ ಹೆದರಿಕೆ ಮೊಬೈಲಿನಿಂದ ಹುಟ್ಟಿದ್ದಲ್ಲ, ನನಗೆ ಗೊತ್ತು. ಕೂಸಿಗೆ ಎರಡೂವರೆ ತಿಂಗಳಲ್ಲಿ ಬೇರೆ ರೋಗಗಳ ಎರಡನೇ ಸುತ್ತಿನ ಸೂಜಿ ಹಾಕಿಸಿದ ದಿನ ಅದು ಕೆಂಡದ ಹಾಗೆ ಕಾದು, ತೊಡೆ ಊದಿ, ಹಾಲು ಮುಟ್ಟದೆ, ಉಸಿರು ಕಟ್ಟುವ ಹಾಗೆ ಅತ್ತಿತ್ತು. ಮರುದಿನ ಇಳಿಯಿತು, ಏನೂ ಆಗಲಿಲ್ಲ. ಆದರೆ ಅವಳ ಕೈಯಲ್ಲಿ ಅಂಥ ಅಳು ಅತ್ತ ಮಗು ಅದೇ ಮೊದಲು. ಅವಳು ಬಾಗಿಲ ಹತ್ತಿರ ನಿಂತು, “ಅಪ್ಪ, ನಂಗೆ ಭಯ ಆಗತ್ತೆ ಅಂದ್ರೆ ನಿಮ್ಗೆ ಅದು ವಾದ ಅನ್ಸತ್ತೆ,” ಅಂದಳು. ಇವರು ಅದಕ್ಕೂ ಒಂದು ಕಟಿಂಗ್ ಹುಡುಕಲು ಹೋದರು.

ಮಲ್ಲಮ್ಮ ನಮ್ಮ ಮನೆಗೆ ಕೆಲಸಕ್ಕೆ ಬರುತ್ತಿದ್ದವಳು. ಯಾದಗಿರಿ ಕಡೆಯವಳು. ಗಂಡ ನಮ್ಮ ಬೀದಿಯಲ್ಲೇ ಕಟ್ಟಡದ ಕೆಲಸಕ್ಕಿದ್ದ. ರೈಲ್ವೆ ಹಳಿಯ ಆಚೆ ಒಂದೇ ಕೋಣೆಯ ಬಾಡಿಗೆ ಮನೆಗಳ ಸಾಲಿನಲ್ಲಿ ಅವರ ವಾಸ. ಅವಳ ಜೊತೆ ನಾಲ್ಕು ವರ್ಷದ ಮಗಳು ಲಕ್ಷ್ಮಿಯೂ ಬರುತ್ತಿದ್ದಳು. ತಾಯಿ ಪಾತ್ರೆ ತೊಳೆಯುವಷ್ಟು ಹೊತ್ತು ಆ ಹುಡುಗಿ ನಮ್ಮ ಕೂಸಿನ ಮುಂದೆ ಕೂತು, ಅದರ ಮೂಗಿಗೆ ತನ್ನ ಮೂಗು ತಾಗಿಸಿ ನಗಿಸುತ್ತಿದ್ದಳು. ನಮ್ಮ ಪುಟ್ಟು ಮೊದಲ ಸಲ ಗಟ್ಟಿಯಾಗಿ ನಕ್ಕಿದ್ದು ಅವಳನ್ನು ನೋಡಿಯೇ. ನಮಗೆ ಯಾರಿಗೂ ಹಾಗೆ ನಕ್ಕಿರಲಿಲ್ಲ, ನನಗೆ ಸ್ವಲ್ಪ ಹೊಟ್ಟೆಕಿಚ್ಚೂ ಆಗಿತ್ತು.

ಯುಗಾದಿ ಹತ್ತಿರ ಬಂದಿತ್ತು. ನಾನೂ ಶ್ರುತಿಯೂ ಕೂಸನ್ನು ಎತ್ತಿಕೊಂಡು ಹಬ್ಬದ ಬಟ್ಟೆಗೆ ಕಮರ್ಷಿಯಲ್ ಸ್ಟ್ರೀಟಿಗೆ ಹೋಗಿದ್ದೆವು. ಬರುವಷ್ಟರಲ್ಲಿ ಮಲ್ಲಮ್ಮ ಬಂದು ಹೋಗಿದ್ದಳು. ಪಾತ್ರೆಗಳು ಹಾಗೇ ಬಿದ್ದಿದ್ದವು. ಇವರು ಗುಲಾಬಿ ಕತ್ತರಿಸುತ್ತ, ಅವಳು ಒಂದು ವಾರ ಬರೋದಿಲ್ಲವಂತೆ, ಊರಲ್ಲಿ ಗೊಬ್ಬರ ಆಗಿದೆಯಂತೆ ಅಂದರು. ಹಬ್ಬದ ಹಿಂದೆಮುಂದೆ ಹೊಲಕ್ಕೆ ಗೊಬ್ಬರ ಹೊಡೆಯುವುದು ಇದ್ದದ್ದೇ ಅಲ್ಲವೇ. ನಮಗೂ ಒಂದು ಚೀಲ ತಗೊಂಡು ಬಾ ಅಂತ ಹೇಳಿದ್ದೇನೆ, ಕೊಟ್ಟಿಗೆ ಗೊಬ್ಬರ ಸಿಕ್ಕರೆ ಗುಲಾಬಿಗೆ ಬೇರೇನೂ ಬೇಡ ಎಂದು ಇವರಿಗೆ ಖುಷಿಯೋ ಖುಷಿ. ಹಬ್ಬದ ಮುಂದೆಯೇ ಹೋದಳಲ್ಲ ಎಂದು ಗೊಣಗಿಕೊಂಡು ನಾನು ಸೆರಗು ಸಿಕ್ಕಿಸಿ ಪಾತ್ರೆಗೆ ಕೂತೆ. ನಮ್ಮಲ್ಲಿ ಗೊಬ್ಬರ ಅಂದರೆ ಗೊಬ್ಬರವೇ. ಡ್ರಮ್ಮಿನಲ್ಲಿ ಮಾಗಿದರೂ ಇವರು ಹೇಳುವುದು ‘ಗೊಬ್ಬರ ಆಗಿದೆ’ ಅಂತಲೇ. ಬೇರೆ ಅರ್ಥ ಇದ್ದೀತು ಎಂದು ಯಾರಿಗೆ ಹೊಳೆಯುತ್ತದೆ?

ಹಬ್ಬ ಬಂತು, ಹೋಯಿತು. ಬೇವು ಬೆಲ್ಲ ಮೆಲ್ಲುವಾಗ ಕೂಸಿನ ತುಟಿಗೂ ಬೆಲ್ಲದ ನೀರು ಸವರಿದೆವು. ಅದು ನಾಲಿಗೆ ಚಪ್ಪರಿಸಿ ಇನ್ನೂ ಬೇಕು ಎಂದು ಕೈ ಬಡಿಯಿತು. ಅದಾದ ಎರಡು ಮೂರು ದಿನಕ್ಕೆ ಅದಕ್ಕೆ ನೆಗಡಿ ಶುರುವಾಯಿತು. ಕಣ್ಣು ಕೆಂಪಗೆ, ಮೈ ಬೆಚ್ಚಗೆ, ಒಣ ಕೆಮ್ಮು. ಕಟ್ಟಡದ ಧೂಳು ಅಂದುಕೊಂಡೆವು. ಇವರು ಕಿಟಕಿಗಳನ್ನೆಲ್ಲ ಹಾಕಿಸಿದರು.

ಅಂಥ ಒಂದು ಬೆಳಿಗ್ಗೆ ಶಬಾನಾ ಸಿಸ್ಟರ್ ಗೇಟು ಬಡಿದರು. ಶಿವಾಜಿನಗರದವರು, ಮನೆಮನೆಗೆ ಬಂದು ಯಾವ ಮಕ್ಕಳಿಗೆ ಸೂಜಿ ಆಗಿಲ್ಲ ಎಂದು ಕೇಳಿಕೊಂಡು ಹೋಗುವ ಆರೋಗ್ಯ ಕೇಂದ್ರದ ನರ್ಸ್. ನಮ್ಮ ಕಾಂಪೌಂಡ್ ಗೋಡೆಗೆ ದಡಾರದ ಪೋಸ್ಟರ್ ಅಂಟಿಸಿಕೊಳ್ಳಲೇ ಎಂದು ಕೇಳಿದರು. ಇವರು, ಅಂಟಿಸಿ ಸಿಸ್ಟರ್, ನಮ್ಮ ಮನೆಯೊಳಗೂ ಒಂದು ಅಂಟಿಸಿ, ನನ್ನ ಮಗಳು ನೋಡಲಿ ಅಂದರು. ಶ್ರುತಿ ಆ ದಿನ ಕೂಸಿನ ಸಲುವಾಗಿ ರಜ ಹಾಕಿದ್ದಳು. ಮುಖ ಗಂಟಿಕ್ಕಿಕೊಂಡೇ ಬಂದು ನಿಂತು, ಜ್ವರ ಬರಲ್ಲ ಅಂತ ಗ್ಯಾರಂಟಿ ಕೊಡ್ತೀರಾ ಎಂದು ಕೇಳಿದಳು. ಸಿಸ್ಟರ್ ಮೆಟ್ಟಿಲ ಮೇಲೆ ಕೂತು, ನೀರು ಕುಡಿದು, ಕೊಡಲ್ಲಮ್ಮ ಅಂದರು. ಜ್ವರ ಬರಬಹುದು, ಒಂದು ವಾರ ಬಿಟ್ಟು ಮೈಮೇಲೆ ಸ್ವಲ್ಪ ಕೆಂಪಗೂ ಆಗಬಹುದು. ಅಪರೂಪಕ್ಕೆ ಯಾರಿಗಾದರೂ ಅಲರ್ಜಿ ಆದೀತು, ಅದಕ್ಕೇ ಸೂಜಿ ಹಾಕಿದ ಮೇಲೆ ಅರ್ಧ ಗಂಟೆ ಅಲ್ಲೇ ಕೂರಿಸಿಕೊಳ್ಳುತ್ತೇವೆ. ಏನೂ ಆಗೋದೇ ಇಲ್ಲ ಅಂತ ಸುಳ್ಳು ಹೇಳಿದರೆ ನಾಳೆ ನೀವು ನನ್ನ ಇನ್ನೊಂದು ಮಾತನ್ನೂ ನಂಬೋದಿಲ್ಲ ಎಂದು ಸಮಾಧಾನವಾಗಿ ಹೇಳಿದರು. ನನ್ನ ಮಗೂಗೆ ಹಾಕಿಸುವಾಗ ನಾನೇ ಮುಖ ತಿರುಗಿಸಿಕೊಂಡಿದ್ದೆ, ಇಡೀ ದಿನ ಬೇರೆಯವರ ಮಕ್ಕಳಿಗೆ ಚುಚ್ಚೋಳು ಅಂತ ನಕ್ಕರು. ಶ್ರುತಿಯ ಮುಖದ ಗಂಟು ಸ್ವಲ್ಪ ಸಡಿಲಾಯಿತು. ಇವರ ಅಷ್ಟೂ ಕಟಿಂಗ್‌ಗಳಿಂದ ಆಗದೇ ಇದ್ದದ್ದು ಅದು.

ಅಷ್ಟರಲ್ಲಿ ಗೇಟಿನಾಚೆ ಮಲ್ಲಮ್ಮ ಬಂದು ನಿಂತಳು. ಕೈಯಲ್ಲಿ ಬೇವಿನ ಸೊಪ್ಪು, ಹಣೆಗೆ ಅರಿಶಿನ. ಒಳಗೆ ಬರಲಿಲ್ಲ. ನಾನು ಅಲ್ಲಿಂದಲೇ, ಏನಮ್ಮ, ಗೊಬ್ಬರ ಹಾಕಿ ಮುಗೀತಾ, ಯಜಮಾನರ ಚೀಲ ಎಲ್ಲಿ ಎಂದು ತಮಾಷೆ ಮಾಡಿದೆ.

ಅವಳ ಮುಖ ಬಾಡಿಹೋಯಿತು. “ನೀವೂ ಹಂಗ ಅಂತೀರೇನ್ರಿ ಅಮ್ಮಾರ? ಅಪ್ಪಾರೂ ಅವತ್ತ ಹಂಗ ಅಂದ್ರು. ಹಿರೇರು ತಿಳೀದ ಅಂದಾರ, ತಪ್ಪ ಹಿಡೀಬ್ಯಾಡ ತಾಯಿ ಅಂತ ನಾ ನಿಮ್ಮ ಮನೀ ಸಲುವಾಗೇ ಕೈ ಮುಗದೀನ್ರಿ.”

ನನಗೆ ಒಂದಕ್ಷರ ಅರ್ಥವಾಗಲಿಲ್ಲ. ಶಬಾನಾ ಸಿಸ್ಟರ್ ಮಾತ್ರ ಕೈಲಿದ್ದ ಲೋಟ ಕೆಳಗಿಟ್ಟು ಎದ್ದು ನಿಂತರು.

“ಗೊಬ್ಬರ? ಮೈಮೇಲೆ ಏಳುತ್ತಲ್ಲ, ಅದಾ? ಗೋಬ್ರಿ?”

“ಹೌದ್ರಿ. ನಮ್ಮ ಲಕ್ಷ್ಮಿಗೆ. ಈಗ ಇಳಿದಾವ. ನಿನ್ನೆ ಬೇವಿನ ನೀರ ಹಾಕೀವಿ.”

ಸಿಸ್ಟರ್ ನನ್ನ ಕಡೆ ತಿರುಗಿ, ಅಮ್ಮ, ಇವರು ಹೇಳ್ತಿರೋದು ದಡಾರ ಅಂದರು. ಸಿಸ್ಟರ್ ಮನೆಯ ದಖನಿ ಉರ್ದುವಿನಲ್ಲಿ ಅದಕ್ಕೆ ಗೋಬ್ರಿ ಅನ್ನುತ್ತಾರಂತೆ, ಮಲ್ಲಮ್ಮನ ಕಡೆಯಲ್ಲಿ ಗೊಬ್ಬರ. ಎದುರು ಮನೆಯ ಸ್ಟೆಲ್ಲಾ ತಮಿಳಿನಲ್ಲಿ ಅದಕ್ಕೇ ಮಣಲ್ವಾರಿ ಅನ್ನುತ್ತಾಳೆ ಎಂದು ನನಗೆ ಆಮೇಲೆ ಗೊತ್ತಾಯಿತು. ಒಂದೇ ಬೀದಿಯಲ್ಲಿ ಒಂದೇ ರೋಗಕ್ಕೆ ನಾಲ್ಕು ಹೆಸರು, ನಮ್ಮ ಗೋಡೆಯ ಪೋಸ್ಟರಿನಲ್ಲಿ ಇದ್ದದ್ದು ಒಂದೇ. ಮಲ್ಲಮ್ಮ ಅವತ್ತು ಇವರಿಗೆ ಹೇಳಿದ್ದು, ‘ಮನ್ಯಾಗ ಗೊಬ್ಬರ ಆಗ್ಯಾವ್ರಿ, ಎಂಟು ದಿನ ಬರಂಗಿಲ್ಲ’ ಎಂದು. ಮಗಳಿಗೆ ಎಂದು ಹೇಳುವಷ್ಟರಲ್ಲಿ ಇವರು ಒಂದು ಚೀಲ ಕೇಳಿಯಾಗಿತ್ತು. ಎತ್ತು ಈಯಿತು ಅಂದರೆ ಕೊಟ್ಟಿಗೆಯಲ್ಲಿ ಕಟ್ಟು ಅಂದರಂತಲ್ಲ, ಆ ಸಂಬಂಧ. ಅಮ್ಮ, ಎಂದರೆ ದೇವಿಯೇ, ಮೈಮೇಲೆ ಬಂದಿರುವ ಮನೆಯವಳನ್ನು ನಿಲ್ಲಿಸಿ, ನಮಗೂ ಸ್ವಲ್ಪ ತಗೊಂಡು ಬಾ ಅಂದಿದ್ದರು. ಆ ಹೆಂಗಸು ಗಲ್ಲ ಗಲ್ಲ ಬಡಿದುಕೊಂಡು ಓಡಿಹೋಗಿದ್ದಳು. ಬೇರೆ ದಿನವಾಗಿದ್ದರೆ ವರ್ಷಗಟ್ಟಲೆ ಹೇಳಿಕೊಂಡು ನಗುತ್ತಿದ್ದೆವು.

ಯಾರೂ ನಗಲಿಲ್ಲ. ಒಳಗೆ ಕೂಸು ಕೆಮ್ಮುತ್ತಿತ್ತು. ಸಿಸ್ಟರ್ ಚಪ್ಪಲಿ ಬಿಟ್ಟು ಒಳಗೆ ಹೋಗಿ, ಅದರ ಕೆಂಪು ಕಣ್ಣು ನೋಡಿ, ಬಾಯಿ ಬಿಡಿಸಿ ನೋಡಿ, ಕಿವಿಯ ಹಿಂದೆ ಬೆರಳಾಡಿಸಿದರು. ಅಲ್ಲಿ ಸಣ್ಣಗೆ ಕೆಂಪು ಕಾಣಿಸಿಕೊಳ್ಳಲು ಶುರುವಾಗಿತ್ತು. ಈಗಲೇ ಆಸ್ಪತ್ರೆಗೆ ಹೊರಡಿ ಅಂದರು. ಶ್ರುತಿ ಟವೆಲಿನಲ್ಲಿ ಕೂಸನ್ನು ಸುತ್ತಿಕೊಂಡು ಬರಿಗಾಲಲ್ಲೇ ಆಟೋ ಹತ್ತಿದಳು.

ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಎದೆಗೆ ಇಳಿದಿದೆ, ನ್ಯುಮೋನಿಯಾ ಅಂದರು. ಬೇರೆ ಮಕ್ಕಳಿಂದ ದೂರ, ಒಂದು ಮೂಲೆಯ ಕೋಣೆ ಕೊಟ್ಟರು. ಮೂಗಿಗೆ ಆಕ್ಸಿಜನ್ ನಳಿಕೆ, ಅಂಗೈಯಷ್ಟು ಪುಟ್ಟ ಕೈಗೆ ಡ್ರಿಪ್ಪು, ನಾಲಿಗೆಗೆ ವಿಟಮಿನ್ನಿನ ಹನಿ. ಉಸಿರಾಡುವಾಗ ಪಕ್ಕೆ ಒಳಗೆ ಹೋಗುವುದು ನೋಡಲಾಗುತ್ತಿರಲಿಲ್ಲ. ನಾನು ದೇವರನ್ನು ಬೈದೆ. ಆಮೇಲೆ ಹೆದರಿ ಕ್ಷಮೆ ಕೇಳಿದೆ. ಶ್ರುತಿ ಕೂಸಿನ ಪಾದ ಹಿಡಿದುಕೊಂಡು ನಳಿಕೆಯನ್ನೇ ನೋಡುತ್ತಿದ್ದಳು. ಇವರು ಈಗ ‘ನಾನು ಹೇಳಿರಲಿಲ್ವಾ’ ಅನ್ನುತ್ತಾರೆ ಎಂದು ನಾನು ಕಾಯುತ್ತಿದ್ದೆ, ಅಂದಿದ್ದರೆ ಆ ವಾರ್ಡಿನಲ್ಲೇ ನನ್ನ ಬಾಯಿಗೆ ಸಿಕ್ಕುತ್ತಿದ್ದರು. ಅದನ್ನು ಅನ್ನದೆ ಇವರು ಡಾಕ್ಟರಮ್ಮನನ್ನು ಒಂದೇ ಒಂದು ಪ್ರಶ್ನೆ ಕೇಳಿದರು, ಆ ಹುಡುಗಿಗೆ ಬಂದಿದೆ ಅಂತ ಅವತ್ತೇ ಗೊತ್ತಾಗಿದ್ದರೆ ಏನು ಮಾಡಬಹುದಿತ್ತು?

ಆರು ತಿಂಗಳು ದಾಟಿದ ಕೂಸಾದರೆ, ಸೋಂಕು ತಗಲಿದ ಮೊದಲ ಎರಡು ಮೂರು ದಿನದೊಳಗೆ ಮುಂಚಿತವಾಗಿ ಒಂದು ಸೂಜಿ ಹಾಕುವುದುಂಟು ಅಂದರು ಡಾಕ್ಟರಮ್ಮ. ಹಾಕಿದ್ದರೆ ತಪ್ಪುತ್ತಿತ್ತೋ ಇಲ್ಲವೋ ಹೇಳಲಾಗದು. ಮೈಮೇಲೆ ಏಳುವ ಮೊದಲೇ ಅದು ಒಬ್ಬರಿಂದೊಬ್ಬರಿಗೆ ಹರಡಿರುತ್ತದೆ, ಅಷ್ಟರಲ್ಲೇ ಹೊತ್ತು ಮೀರಿರಲೂಬಹುದು ಎಂದು ಸಮಾಧಾನ ಹೇಳಿದರು. ಇವರು ತಲೆಯಾಡಿಸಿದರು. ಆ ಸಮಾಧಾನವನ್ನು ಇವರು ತೆಗೆದುಕೊಳ್ಳಲಿಲ್ಲ, ಬೆನ್ನು ನೋಡಿಯೇ ಗೊತ್ತಾಯಿತು.

ಶ್ರುತಿಯ ಪ್ರಶ್ನೆ ಬೇರೆಯೇ ಇತ್ತು. ಲಕ್ಷ್ಮಿಗೆ ಊರಿನ ದವಾಖಾನೆಯಲ್ಲಿ ಕೂಸಿದ್ದಾಗ ಒಂದು ಸೂಜಿ ಆಗಿತ್ತು ಎಂದು ಮಲ್ಲಮ್ಮ ಹೇಳಿದ್ದಳು. ಸೂಜಿ ಹಾಕಿಸಿಕೊಂಡ ಮಗುವಿಗೇ ಬಂತಲ್ಲ, ಹಾಗಾದರೆ ಅದು ಏನು ಕೆಲಸ ಮಾಡಿತು ಎಂದು ಕೇಳಿದಳು. ವಾದಕ್ಕೆ ಕೇಳಿದ್ದಲ್ಲ, ನಿಜಕ್ಕೂ ಗೊತ್ತಾಗಬೇಕಿತ್ತು ಅವಳಿಗೆ. ಒಂದು ಸೂಜಿ ಎಲ್ಲ ಮಕ್ಕಳಿಗೂ ಹತ್ತುವುದಿಲ್ಲ, ಅದಕ್ಕೇ ಎರಡನೆಯದು ಎಂದು ಡಾಕ್ಟರಮ್ಮ ಹೇಳಿದರು. ಮನೆಮಠ ಬಿಟ್ಟು ಊರಿಂದೂರಿಗೆ ಬರುವವರ ಮಕ್ಕಳಿಗೆ ಆ ಎರಡನೆಯದೇ ತಪ್ಪಿಹೋಗುವುದು. ಹತ್ತಿದ್ದರೂ ಒಮ್ಮೊಮ್ಮೆ ಬರುತ್ತದೆ, ಬಂದರೆ ಹಗುರಾಗಿ ಹೋಗುತ್ತದೆ. ಲಕ್ಷ್ಮಿ ಆ ಹೊತ್ತಿಗೆ ಹಳಿಯ ಪಕ್ಕ ಕುಂಟೆಬಿಲ್ಲೆ ಆಡುತ್ತಿದ್ದಳು.

ಸಾಯಂಕಾಲ ಕಿಟಕಿಯ ಹತ್ತಿರ ನಿಂತಿದ್ದಾಗ ಶ್ರುತಿ ನನ್ನ ಹೆಗಲಿಗೆ ತಲೆ ಒರಗಿಸಿದಳು.

“ಅಮ್ಮ, ಇವನಿಗೆ ಹಾಕಿಸೋ ವಯಸ್ಸೇ ಆಗಿರ್ಲಿಲ್ಲ. ಸುತ್ತ ಇರೋರು ಹಾಕಿಸ್ಕೊಂಡಿದ್ರೆ ಮಾತ್ರ ಇವ್ನು ಉಳ್ಕೋತಿದ್ದ. ನಾನು ಎರಡು ವರ್ಷ ಬೇಡ ಅಂದ್ನಲ್ಲ, ಬೇರೆ ಯಾರ್ದೋ ಕೂಸಿಗೆ ನಾನೂ ಸುತ್ತ ಇರೋಳೇ ಅಲ್ವಾ?”

ನಾನು ಅವಳ ಬೆನ್ನು ಸವರಿದೆ. ಅಪ್ಪನಿಗೆ ಹೇಳಬೇಡ ಅಂದಳು. ನಾನು ಹೇಳಲಿಲ್ಲ.

ಮನೆಯಲ್ಲಿ ನಾನು ಒಗ್ಗರಣೆ ನಿಲ್ಲಿಸಿದ್ದೆ. ಅಮ್ಮ ಬಂದಿರುವ ಮನೆಯಲ್ಲಿ ಒಗ್ಗರಣೆಯ ಸದ್ದು, ವಾಸನೆ ಏಳಬಾರದು ಎಂಬುದು ಹಲಸೂರಿನ ನನ್ನ ತವರಿನ ನೇಮ. ನನಗೆ ದಡಾರ ಬಂದಾಗ ನಮ್ಮಮ್ಮ ಮಾಡುತ್ತಿದ್ದ ಸಪ್ಪೆ ಸಾರು ನನಗೆ ಇನ್ನೂ ನೆನಪಿದೆ. ಈ ಸಲ ಮಗು ಆಸ್ಪತ್ರೆಯಲ್ಲಿ, ಮನೆಯಲ್ಲಿ ನಾವಿಬ್ಬರೇ, ಔಷಧಿ ಇಂಜೆಕ್ಷನ್ ಎಲ್ಲ ನಡೆದಿತ್ತು, ನೇಮ ಯಾವ ಲೆಕ್ಕಕ್ಕೆ ಎಂದು ನನಗೇ ಗೊತ್ತಿರಲಿಲ್ಲ. ಕೈ ಬರಲಿಲ್ಲ, ಅಷ್ಟೇ. ಜೀವಮಾನವಿಡೀ ಇಂಥದ್ದನ್ನೆಲ್ಲ ಗೇಲಿ ಮಾಡಿಕೊಂಡು ಬಂದ ಇವರು ಸಪ್ಪೆ ಸಾರನ್ನು ಸುಮ್ಮನೆ ಕಲಸಿಕೊಂಡು ಉಣ್ಣುತ್ತಿದ್ದರು. ಒಂದು ದಿನ ನಾನೇ ಬೇಜಾರಾಗಿ ಸಾಸಿವೆ ಡಬ್ಬಿ ತೆಗೆದರೆ, ಇವತ್ತೂ ಬೇಡ ಬಿಡೇ ಅಂದರು. ನಾನು ಡಬ್ಬಿ ಮುಚ್ಚಿಟ್ಟೆ. ಇವರ ಮೇಲೆ ಇದ್ದ ಕೋಪ ಅರ್ಧ ಅಲ್ಲೇ ಇಳಿಯಿತು.

ಕೂಸು ಬದುಕಿತು. ಉಸಿರು ಮೆಲ್ಲಗೆ ಹದಕ್ಕೆ ಬಂತು, ಕೆಂಪು ಕಂದುಬಣ್ಣಕ್ಕೆ ತಿರುಗಿ ಮೈಯಲ್ಲಿ ಹೊಟ್ಟು ಏಳುವ ಹೊತ್ತಿಗೆ ಮನೆಗೆ ಕಳಿಸಿದರು. ಎಡಗಿವಿ ಸೋರುತ್ತಿತ್ತು, ಹನಿ ಹಾಕಲು ಹೇಳಿದ್ದರು. ಮೂಳೆ ಚಕ್ಕಳವಾಗಿದ್ದ ಅದನ್ನು ಮಲ್ಲಮ್ಮ ಬಂದು ಎತ್ತಿಕೊಂಡು ನೆಟಿಗೆ ಮುರಿದಳು. ನಮ್ಮಿಂದ ಬಂತಲ್ರೀ ಎಂದು ಕಣ್ಣೊರೆಸಿಕೊಂಡಳು. ಶ್ರುತಿ ಅವಳ ಕೈ ಹಿಡಿದು, ನಿನಗೂ ಎಲ್ಲಿಂದಲೋ ಬಂದಿದ್ದು ತಾನೇ ಅಂದಳು. ಅವತ್ತು ಮಧ್ಯಾಹ್ನ ನಾನು ಸಾಸಿವೆ, ಇಂಗು, ಕರಿಬೇವು, ಬ್ಯಾಡಗಿ ಮೆಣಸಿನಕಾಯಿ ಎಲ್ಲ ಹಾಕಿ ಬೀದಿಗೇ ಕೇಳಿಸುವ ಹಾಗೆ ಒಗ್ಗರಣೆ ಕೊಟ್ಟೆ.

ಒಂಬತ್ತು ತಿಂಗಳು ತುಂಬಿ, ಮೈಕೈ ಸ್ವಲ್ಪ ತುಂಬಿಕೊಂಡ ಮೇಲೆ ಶ್ರುತಿಯೇ ಅವನನ್ನು ಸೂಜಿಗೆ ಕರೆದುಕೊಂಡು ಹೋದಳು. ಬಂದು ಹೋಗಿದೆಯಲ್ಲ, ಇನ್ನು ಯಾಕೆ ಅಂದೆ ನಾನು. ರುಬೆಲ್ಲಾ ಇನ್ನೂ ಬಂದಿಲ್ಲವಲ್ಲ, ಹಾಕಿಸಲೇಬೇಕಂತೆ ಅಂದಳು. ಶಬಾನಾ ಸಿಸ್ಟರ್ ಹೇಳಿದ್ದ ಹಾಗೆಯೇ ಒಂದು ವಾರಕ್ಕೆ ಒಂದು ದಿನ ಜ್ವರ ಬಂತು, ಇಳಿಯಿತು. ಅವಳಿಗೆ ಭಯ ಹೋಗಿರಲಿಲ್ಲ. ತೊಡೆಯ ಮೇಲೆ ಕೂಸನ್ನು ಹಾಕಿಕೊಂಡು, ಭಯವಾಗುತ್ತಲೇ ಇದೆ ಅಮ್ಮ ಎಂದು ಹೇಳುತ್ತಲೇ ಕೂತಿದ್ದಳು. ಆಮೇಲಿನ ಶನಿವಾರಗಳಲ್ಲಿ ಸಿಸ್ಟರ್ ಜೊತೆ ಹಳಿಯ ಆಚೆಯ ಸಾಲುಮನೆಗಳಿಗೆ ಹೋಗಿ, ಮನ್ಯಾಗ ಯಾವ ಮಗೂಗಾರ ಗೊಬ್ಬರ ಆಗ್ಯಾವೇನ್ರಿ ಎಂದು ಮಲ್ಲಮ್ಮನಿಂದ ಕಲಿತ ಮಾತಿನಲ್ಲಿ ಕೇಳಿಕೊಂಡು ಬರುತ್ತಿದ್ದಳು. ದಡಾರ ಇದೆಯಾ ಅಂದಾಗ ಇಲ್ಲ ಅಂದಿದ್ದ ಮನೆಗಳಲ್ಲೇ ಎರಡು ಮಕ್ಕಳು ಸಿಕ್ಕಿದರು. ಲಕ್ಷ್ಮಿಗೂ ಎರಡನೇ ಸೂಜಿ ಆಯಿತು.

ಇವರು ಏನು ಮಾಡಿದರು ಗೊತ್ತೇ? ನಮ್ಮ ಗೋಡೆಯ ಪೋಸ್ಟರಿನಲ್ಲಿ ‘ದಡಾರ’ ಎಂದಿದ್ದ ಕಡೆ ಕೆಳಗೆ ದಪ್ಪ ಕಪ್ಪು ಪೆನ್ನಿನಲ್ಲಿ ‘ಗೊಬ್ಬರ, ಗೋಬ್ರಿ, ಮಣಲ್ವಾರಿ’ ಎಂದು ಬರೆದರು. ಬಿಸಿಲಿಗೂ ಧೂಳಿಗೂ ಪೋಸ್ಟರ್ ಮಾಸಿ ಇವರ ಅಕ್ಷರ ಮಾತ್ರ ಉಳಿಯಿತು. ಒಂದು ಮಧ್ಯಾಹ್ನ ಯಾರೋ ಬೆಲ್ ಮಾಡಿ, ಸಾರ್, ಗೊಬ್ಬರ ಕೇಜಿ ಹೆಂಗೆ ಅಂದ. ಹಿಂದಿನ ಇವರಾಗಿದ್ದರೆ ಬಾಗಿಲಲ್ಲೇ ಬೈದು ಕಳಿಸುತ್ತಿದ್ದರು. ಅವನನ್ನು ಕೂರಿಸಿ, ನೀರು ಕೊಟ್ಟು, ಪೂರ್ತಿ ಕತೆ ಹೇಳಿ, ಮಕ್ಕಳಿಗೆ ಎರಡೂ ಸೂಜಿ ಆಗಿದೆಯಾ ಎಂದು ಕೇಳಿ, ತಾರಸಿಯಿಂದ ಒಂದು ಚೀಲ ಗೊಬ್ಬರ ಪುಕ್ಕಟೆ ಕೊಟ್ಟು ಕಳಿಸಿದರು.

ಕಿವಿಯ ವಿಷಯ ಗೊತ್ತಾಗಿದ್ದು ಹುಡುಗನಿಗೆ ಎರಡು ತುಂಬಿದ ಮೇಲೆ. ಕಂಡುಹಿಡಿದವರು ಇವರೇ. ಎಡಗಡೆಯಿಂದ ಕರೆದರೆ ಅವನು ತಿರುಗುತ್ತಿರಲಿಲ್ಲ. ಪರೀಕ್ಷೆ ಮಾಡಿದವರು ಎಡಗಿವಿ ಹೆಚ್ಚು ಕಡಿಮೆ ಹೋಗಿದೆ, ದಡಾರದಿಂದಲೇ ಆಗಿರಬೇಕು, ಇನ್ನೊಂದು ಕಿವಿ ಚೆನ್ನಾಗಿದೆ, ಓದು ಬರಹಕ್ಕೆ ತೊಂದರೆ ಆಗದು ಅಂದರು. ಆ ಸಂಜೆ ಇವರು ತಾರಸಿಯಿಂದ ಕೆಳಗೆ ಬರಲೇ ಇಲ್ಲ. ಕಾಫಿ ತೆಗೆದುಕೊಂಡು ನಾನೇ ಹೋದೆ. ಕುಂಡಗಳ ಮಧ್ಯೆ ಕೂತಿದ್ದರು.

“ಕೇಳಿಸ್ಕೊಳ್ದೆ ಇದ್ದೋನು ನಾನು,” ಅಂದರು. “ಕಿವಿ ಹೋಗಿದ್ದು ಅವನ್ದು.”

ಡಾಕ್ಟರಮ್ಮ ಹೇಳಿದ್ದನ್ನೆಲ್ಲ ಮತ್ತೆ ಹೇಳಿದೆ, ಹೊತ್ತು ಆಗಲೇ ಮೀರಿದ್ದಿರಬಹುದು, ಯಾರಿಗೂ ಗೊತ್ತಿಲ್ಲ ಎಂದು. ಗೊತ್ತಿಲ್ಲದೇ ಇರೋದೇ ಕಷ್ಟ ಕಣೇ ಅಂದರು. ನಲವತ್ತು ವರ್ಷದಲ್ಲಿ ಇವರು ಗೊತ್ತಿಲ್ಲ ಅಂದಿದ್ದು ನಾನು ಕೇಳಿದ್ದು ಅದೇ ಮೊದಲು. ನಾನೂ ಅಲ್ಲೇ ಕೂತು ಅತ್ತೆ.

ಈಗ ಹುಡುಗನಿಗೆ ಎಂಟು. ಯಾರಾದರೂ ಎಡಗಡೆ ಕೂತರೆ ತಾನೇ ಎದ್ದು ಜಾಗ ಬದಲಾಯಿಸುತ್ತಾನೆ, ಅದೊಂದು ಆಟ ಅವನಿಗೆ. ಬೇಡದ ಮಾತಿಗೆ ಎಡಗಿವಿ ಕೊಡುವ ಕಳ್ಳ ಬುದ್ಧಿಯನ್ನೂ ಕಲಿತಿದ್ದಾನೆ. ಭಾನುವಾರ ಬಂದರೆ ತಾತನ ಜೊತೆ ತಾರಸಿಯೇ ಅವನ ಮನೆ.

ಕಳೆದ ಭಾನುವಾರ ಮುಚ್ಚಳ ತೆಗೆದು ಬಗ್ಗಿ ನೋಡಿದವನು, ಕೈಯೆತ್ತಿ ಕೂಗಿದ, “ತಾತಾ, ಗೊಬ್ಬರ ಆಗಿದೆ!”

ಬದನೆ ಪಾತಿಯಲ್ಲಿ ಕೂತಿದ್ದ ಇವರ ಕೈಯಲ್ಲಿ ಕುರ್ಪಿ ನಿಂತುಹೋಯಿತು. ನಾನು ಪಂಚೆ ಹಿಡಿದುಕೊಂಡೇ ನೋಡುತ್ತಿದ್ದೆ. ಇವರು ಮೆಲ್ಲಗೆ ಮಂಡಿ ಹಿಡಿದುಕೊಂಡು ಎದ್ದರು, ಡ್ರಮ್ಮನ್ನು ಸುತ್ತಿಕೊಂಡು ಹುಡುಗನ ಬಲಗಡೆಗೆ ಬಂದು ಕುಕ್ಕರಗಾಲಲ್ಲಿ ಕೂತರು.

“ಏನಂದೆ ಪುಟ್ಟೂ? ಇನ್ನೊಂದ್ಸಲ ಹೇಳು.”

“ಗೊಬ್ಬರ ಆಗಿದೆ ಅಂದೆ ತಾತ.”

“ಯಾವ ಗೊಬ್ಬರ?”

ಹುಡುಗ ತಾತನ ಮುಖ ನೋಡಿ ನಕ್ಕ. “ಗಿಡದ್ದು ತಾತ. ಇನ್ಯಾವ್ ಗೊಬ್ಬರ ಇರುತ್ತೆ?”

ಇವರು ಅವನ ತಲೆ ಸವರಿ, ಹೌದಲ್ಲ, ಇನ್ಯಾವುದೂ ಇಲ್ಲ ಅಂದರು. ನಾನು ಪಂಚೆಯನ್ನು ತಂತಿಗೆ ಹಾಕಿ, ಕೆಳಗೆ ಹೋಗಿ ಸಾರಿಗೆ ಒಗ್ಗರಣೆ ಇಟ್ಟೆ.